ಐವತ್ತಾರು ನಿಮಿಷ ಸಾಕು

ಊರಿನಿಂದ ಜೂರಿಕ್‌ಗೆ ಬಂದಿಳಿದ ನೆಂಟರ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತದೆ: ‘ಇಲ್ಲಿ ಬುಲೆಟ್ ಟ್ರೈನ್ ಇದೆಯಂತಲ್ಲ, ಯಾವಾಗ ಹತ್ತಿಸ್ತೀರಿ?’ ಅಂಥದ್ದೇನಿಲ್ಲ, ರಾಜಧಾನಿ ಬರ್ನ್‌ಗೆ ಹೋಗುವ ಹೊಸ ಹಳಿಯ ಮೇಲೂ ಗಂಟೆಗೆ 200 ಕಿ.ಮೀ. ಅಷ್ಟೆ ಎಂದರೆ ಮುಖ ಸಪ್ಪಗಾಗುತ್ತದೆ. ‘ಅಷ್ಟೇನಾ? ನಮ್ಮ ವಂದೇ ಭಾರತನ್ನೇ 180ಕ್ಕೆ ಕಟ್ಟಿದ್ದಾರಲ್ಲ!’ ಆ ‘ಅಷ್ಟೇನಾ’ ಚುಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಮೇಲಿನ ಅಭಿಮಾನದಿಂದಲ್ಲ. ಊರಿನ ನಾವು ಐವತ್ತು ವರ್ಷದಿಂದ ರೈಲಿನ ಬಗ್ಗೆ ತಪ್ಪು ಪ್ರಶ್ನೆಯನ್ನೇ ಕೇಳುತ್ತಾ ಬಂದಿದ್ದೇವಲ್ಲ ಎಂಬ ಸಂಕಟದಿಂದ.

ಎಷ್ಟು ವೇಗ ಎನ್ನುವುದು ಇಲ್ಲಿನವರ ಪ್ರಶ್ನೆಯಾಗಿರಲಿಲ್ಲ. ಇಳಿದ ಮೇಲೆ ಮುಂದಿನ ಗಾಡಿ ಎಲ್ಲಿ ನಿಂತಿರುತ್ತದೆ ಎಂದು ಅವರು ಕೇಳಿಕೊಂಡರು.

ಬರ್ನ್ ನಿಲ್ದಾಣದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಐದಾರು ನಿಮಿಷ ಮುಂಚೆ ನಿಂತು ನೋಡಬೇಕು. ಜೂರಿಕ್‌ನಿಂದ ಒಂದು, ಬಾಸೆಲ್‌ನಿಂದ ಒಂದು, ಲೋಸಾನ್‌ನಿಂದ ಒಂದು, ಥೂನ್ ಕಡೆಯ ಬೆಟ್ಟದಿಂದ ಒಂದು, ಹೀಗೆ ರೈಲುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಹನ್ನೆರಡು ಹೊಡೆಯುವಾಗ ಹೆಚ್ಚುಕಡಿಮೆ ಎಲ್ಲವೂ ನಿಲ್ದಾಣದೊಳಗೇ ಇರುತ್ತವೆ. ಕೆಳಗಿನ ಸುರಂಗದಾರಿಯಲ್ಲಿ ಜನ ಈ ಪ್ಲಾಟ್‌ಫಾರ್ಮಿನಿಂದ ಆ ಪ್ಲಾಟ್‌ಫಾರ್ಮಿಗೆ ಹರಿದು ಹೋಗುತ್ತಾರೆ. 12.02ಕ್ಕೆ ಜೂರಿಕ್ ರೈಲು ಹೊರಡುತ್ತದೆ, ಅದರ ಬೆನ್ನಿಗೇ ಉಳಿದವು. ಹತ್ತು ನಿಮಿಷದಲ್ಲಿ ಪ್ಲಾಟ್‌ಫಾರ್ಮುಗಳು ಬರಿದಾಗುತ್ತವೆ. ಅರ್ಧ ಗಂಟೆ ಬಿಟ್ಟು ಮತ್ತೆ ಇದೇ ನೋಟ. ಬೆಳಗಿನಿಂದ ರಾತ್ರಿಯವರೆಗೆ ಇದೇ ನಿಮಿಷಗಳು, ಬಹುಪಾಲು ಇದೇ ಪ್ಲಾಟ್‌ಫಾರ್ಮುಗಳು. ದಿನಾ ಓಡಾಡುವವರು ತಮ್ಮ ರೈಲಿನ ನಿಮಿಷವನ್ನಷ್ಟೇ ನೆನಪಿಟ್ಟುಕೊಂಡಿರುತ್ತಾರೆ, ಗಂಟೆ ಯಾವುದಾದರೇನು.

ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಟಾಕ್ಟ್‌ಫಾರ್‌ಪ್ಲಾನ್’ ಎನ್ನುತ್ತಾರೆ. ಟಾಕ್ಟ್ ಎಂದರೆ ಸಂಗೀತದ ತಾಳ. ಕಛೇರಿ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗಾಯಕ, ಪಿಟೀಲು, ಮೃದಂಗ ನಡುವೆ ಎಲ್ಲೆಲ್ಲಿ ಸುತ್ತಾಡಿದರೂ ಸಮಕ್ಕೆ ಬಂದು ಕೂಡಬೇಕು. ಇಲ್ಲಿಯ ರೈಲುಗಳಿಗೆ ಗಂಟೆಯ 00 ಮತ್ತು 30ನೇ ನಿಮಿಷಗಳೇ ಸಮ. ಕೂಡುವ ಊರುಗಳನ್ನು ‘ಕ್ನೋಟನ್’, ಅಂದರೆ ಗಂಟು, ಎಂದು ಕರೆಯುತ್ತಾರೆ. ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಓಡಲು ಬೇಕಾಗುವ ಸಮಯ ಅರ್ಧ ಗಂಟೆಗೋ ಒಂದು ಗಂಟೆಗೋ ನಾಲ್ಕೈದು ನಿಮಿಷ ಕಡಿಮೆ ಇರಬೇಕು. ಆ ನಾಲ್ಕೈದು ನಿಮಿಷ ಜನ ಇಳಿದು ಹತ್ತುವುದಕ್ಕೆ. ಇಡೀ ದೇಶದ ರೈಲು ಲೆಕ್ಕ ಈ ಒಂದು ವಾಕ್ಯದ ಮೇಲೆ ನಿಂತಿದೆ.

ಬರ್ನ್–ಜೂರಿಕ್ ನಡುವೆ ಸುಮಾರು 120 ಕಿ.ಮೀ., ನಮ್ಮ ಬೆಂಗಳೂರು–ಮೈಸೂರಿಗಿಂತ ತುಸು ಕಡಿಮೆ. ಹಳೆಯ ಹಳಿಯ ಮೇಲೆ ಇದಕ್ಕೆ ಒಂದು ಗಂಟೆಯ ಮೇಲೆ ಹಿಡಿಯುತ್ತಿತ್ತು. ಈಗ 56 ನಿಮಿಷ. 62 ನಿಮಿಷ ಹಿಡಿದರೆ ಏನಾಗುತ್ತದೆ ನೋಡಿ: 12.02ಕ್ಕೆ ಹೊರಟ ರೈಲು 13.04ಕ್ಕೆ ಮುಟ್ಟುತ್ತದೆ, ಅಷ್ಟರಲ್ಲಿ ಮುಂದಿನ ರೈಲುಗಳು ಒಂದೊಂದಾಗಿ ಜೂರಿಕ್ ಬಿಟ್ಟಿರುತ್ತವೆ. ಆರು ನಿಮಿಷದ ವ್ಯತ್ಯಾಸಕ್ಕೆ ಪ್ರಯಾಣಿಕ ಅರ್ಧ ಗಂಟೆಯೋ ಒಂದು ಗಂಟೆಯೋ ಕಾಯಬೇಕು. ಹಾಗಾದರೆ ಇನ್ನೂ ವೇಗವಾಗಿ ಓಡಿಸಿ 45 ನಿಮಿಷಕ್ಕೆ ಮುಟ್ಟಿಸಿದರೆ? 12.47ಕ್ಕೆ ಬಂದು, ಮುಂದಿನ ಗಾಡಿಗಾಗಿ ಕಾಲು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕು. ಆ ಹನ್ನೊಂದು ನಿಮಿಷ ಉಳಿಸಲು ಸುರಿದ ದುಡ್ಡು ಬೆಂಚಿನ ಮೇಲೆ ಕೂತು ಕಳೆಯುತ್ತದೆ. ಅದಕ್ಕೇ ಇಲ್ಲಿಯ ರೈಲ್ವೆ ಎಂಜಿನಿಯರುಗಳು ‘ಸಾಧ್ಯವಾದಷ್ಟು ವೇಗವಲ್ಲ, ಬೇಕಾದಷ್ಟು ವೇಗ’ ಎಂದರು. ಮಾಟ್‌ಸ್ಟೆಟನ್ ಮತ್ತು ರೋಥ್ರಿಸ್ಟ್ ನಡುವೆ 45 ಕಿ.ಮೀ. ಹೊಸ ಹಳಿ ಹಾಕಿದ್ದು ಈ ಲೆಕ್ಕದಿಂದ. ಎಲ್ಲಿ ಎಷ್ಟು ನಿಮಿಷ ಕಡಿಮೆ ಬೀಳುತ್ತದೋ ಅಲ್ಲಿ ಅಷ್ಟೇ ಹಳಿ.

ಅನುಕ್ರಮವನ್ನು ಗಮನಿಸಿ. ಮೊದಲು ವೇಳಾಪಟ್ಟಿ ಬರೆದರು. ಅದನ್ನು ಓಡಿಸಲು ಎಂಥ ರೈಲು ಬೇಕು ಎಂದು ನೋಡಿದರು. ಕೊನೆಗೆ, ಅದಕ್ಕೆ ಎಲ್ಲಿ ಹಳಿ, ಎಲ್ಲಿ ಸುರಂಗ, ಎಲ್ಲಿ ಹೆಚ್ಚುವರಿ ಪ್ಲಾಟ್‌ಫಾರ್ಮು ಬೇಕು ಎಂದು ಪಟ್ಟಿ ಮಾಡಿದರು. ನಮ್ಮಲ್ಲಿ ಹಳಿ ಮೊದಲು, ಉದ್ಘಾಟನೆ ಆಮೇಲೆ, ವೇಳಾಪಟ್ಟಿ ಕಡೆಗೆ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ.

ಇದೇನೂ ಸ್ವಿಸ್ ರಕ್ತದಲ್ಲೇ ಇದ್ದ ಗುಣವಲ್ಲ. 1960ರ ದಶಕದ ಕೊನೆಗೆ ಇಲ್ಲಿಯ ರೈಲುಗಳೂ ಮನಬಂದ ಹೊತ್ತಿಗೆ ಹೊರಡುತ್ತಿದ್ದವು, ಜನ ಕಾರಿನ ಕಡೆ ತಿರುಗಿದ್ದರು. ಆಗ ರೈಲ್ವೆಯೊಳಗೇ ಕೆಲವು ಯುವ ಎಂಜಿನಿಯರುಗಳು ಒಂದು ಗುಂಪು ಕಟ್ಟಿಕೊಂಡರು. ಅದರ ಹೆಸರು ‘ಸ್ಪಿನ್ನರ್‌ಕ್ಲಬ್’, ನಮ್ಮ ಮಾತಿನಲ್ಲಿ ತಲೆಕೆಟ್ಟವರ ಕೂಟ. ಸಾಮುಯೆಲ್ ಶ್ಟೇಲಿ ಮತ್ತವರ ಜೊತೆಗಾರರು 1972ರಲ್ಲಿ ಇಡೀ ದೇಶಕ್ಕೆ ತಾಳದ ವೇಳಾಪಟ್ಟಿಯ ನಕ್ಷೆ ಮುಂದಿಟ್ಟರು. ನೆದರ್‌ಲ್ಯಾಂಡ್ಸ್ 1970ರಲ್ಲೇ ಈ ದಾರಿ ಹಿಡಿದಿತ್ತು, ಆ ಮಾದರಿ ಕಣ್ಣೆದುರು ಇತ್ತು. ಆದರೂ ಒಪ್ಪಿಗೆಯಾಗಿ ಜಾರಿಗೆ ಬರಲು ಹತ್ತು ವರ್ಷ ಬೇಕಾಯಿತು: 1982ರ ಮೇ 23ರಂದು ‘ಗಂಟೆಗೊಂದು ರೈಲು’ ಎಂಬ ಘೋಷವಾಕ್ಯದೊಂದಿಗೆ ದೇಶವಿಡೀ ಒಂದೇ ದಿನ ಬದಲಾಯಿತು.

ಅದರ ಜೊತೆಜೊತೆಗೇ ಜಿನೀವಾದಿಂದ ಸೇಂಟ್ ಗ್ಯಾಲನ್‌ವರೆಗೆ ಅತಿವೇಗದ ಹಳಿಯ ಯೋಜನೆಯೂ ಓಡಾಡುತ್ತಿತ್ತು. ಹೊಲದಲ್ಲಿ ಹಳಿ ಹಾಯುತ್ತದೆ, ತಮ್ಮೂರಲ್ಲಿ ಮಾತ್ರ ರೈಲು ನಿಲ್ಲುವುದಿಲ್ಲ ಎಂದು ಗೊತ್ತಾದ ಊರುಗಳು ತಿರುಗಿಬಿದ್ದವು. ಅದರ ಬದಲು ಬಂದದ್ದು ‘ಬಾನ್ 2000’, ಗಂಟುಗಳ ತಾಳಕ್ಕೆ ತಕ್ಕ ಹಳಿಗಳ ಯೋಜನೆ. ಬಾನ್ ಎಂದರೆ ರೈಲು. 1987ರ ಡಿಸೆಂಬರ್ 6ರಂದು ಜನಮತಕ್ಕೆ ಹಾಕಿದಾಗ ಶೇ. 57 ಮಂದಿ ಒಪ್ಪಿದರು. ವೇಳಾಪಟ್ಟಿಗಾಗಿ ಒಂದು ದೇಶ ವೋಟು ಹಾಕಿತು! ಖರ್ಚಿನ ಅಂದಾಜು ನಡುವೆ ಕೈಮೀರಿದಾಗ ಯೋಜನೆಯನ್ನು ಹಂತಗಳಾಗಿ ಕತ್ತರಿಸಿದರು. ಮೊದಲು ಹೇಳಿದ್ದ ನಾಲ್ಕು ಹೊಸ ಹಳಿಗಳಲ್ಲಿ ಮೂರನ್ನು ಕೈಬಿಟ್ಟರು, ಸುಮಾರು 130 ಸಣ್ಣ ದೊಡ್ಡ ಕಾಮಗಾರಿಗಳನ್ನು ಉಳಿಸಿಕೊಂಡರು. 2004ರ ಡಿಸೆಂಬರ್ 12ರಂದು ಮೊದಲ ಹಂತ ಶುರುವಾದಾಗ ಮಂಜೂರಾಗಿದ್ದ 740 ಕೋಟಿ ಫ್ರಾಂಕಿನಲ್ಲಿ 590 ಕೋಟಿಯಷ್ಟೇ ಖರ್ಚಾಗಿತ್ತು.

ಒಂಟಿ ಹಳಿಯ ವಿಚಾರಕ್ಕೆ ಬರುತ್ತೇನೆ, ನಮಗೆ ನಿಜವಾಗಿ ಕೆಲಸಕ್ಕೆ ಬರುವುದು ಇದು. ಎರಡೂ ದಿಕ್ಕಿನಲ್ಲಿ ಗಂಟೆಗೊಂದು ರೈಲು ಒಂದೇ ನಿಮಿಷಕ್ಕೆ ಹೊರಡುತ್ತಿದ್ದರೆ, ಎದುರುಬದುರಿನ ರೈಲುಗಳು ಪ್ರತಿ ಅರ್ಧ ಗಂಟೆಯ ಓಟಕ್ಕೊಮ್ಮೆ ಸಂಧಿಸುತ್ತವೆ, ಅದೂ ದಿನವಿಡೀ ಅದೇ ಜಾಗದಲ್ಲಿ. ಅರ್ಧ ಗಂಟೆಗೊಂದು ರೈಲಾದರೆ ಕಾಲು ಗಂಟೆಗೊಮ್ಮೆ. ಇದು ಬರೀ ಗಣಿತ. ಆ ಜಾಗಗಳಲ್ಲಿ ಲೂಪ್ ಹಳಿ, ಅಂದರೆ ಒಂದು ರೈಲು ಬದಿಗೆ ನಿಂತು ಇನ್ನೊಂದಕ್ಕೆ ದಾರಿ ಬಿಡುವ ಪಕ್ಕದ ಹಳಿ, ಹಾಕಿದರೆ ಸಾಕು, ಪೂರ್ತಿ ಜೋಡಿ ಹಳಿ ಬೇಕಾಗುವುದಿಲ್ಲ. ಗ್ರೌಬುಂಡನ್ ಪ್ರಾಂತ್ಯದ ರೇಷಿಯನ್ ರೈಲ್ವೆ ಸುಮಾರು 385 ಕಿ.ಮೀ. ಮೀಟರ್ ಗೇಜ್ ಜಾಲ. ಬಹುಪಾಲು ಒಂಟಿ ಹಳಿ, ಎಲ್ಲಾ ಗುಡ್ಡಗಾಡು. ಆದರೂ ಮುಖ್ಯ ದಾರಿಗಳಲ್ಲಿ ಗಂಟೆಗೊಂದು ರೈಲು ತಪ್ಪುವುದಿಲ್ಲ. ನಾವು ಮೀಟರ್ ಗೇಜನ್ನು ಹಳೆಯ ಕಾಲದ ಕೊರತೆಯೆಂದು ಕಿತ್ತು ಹಾಕಿದೆವು. ಹಾಸನ–ಮಂಗಳೂರು ಹಳಿಯನ್ನು 1996ರಲ್ಲಿ ಬ್ರಾಡ್ ಗೇಜಿಗೆಂದು ಮುಚ್ಚಿದ ಮೇಲೆ ಘಾಟಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹಳಿ ಅಗಲವಾಯಿತು, ರೈಲುಗಳ ಸಂಖ್ಯೆ ಬೆರಳೆಣಿಕೆಯಲ್ಲೇ ಉಳಿಯಿತು.

ಒಂಟಿ ಹಳಿಯ ತಾಳ ಕೆಡುವುದೂ ಸುಲಭ. ಒಂದು ರೈಲು ಐದು ನಿಮಿಷ ತಡವಾದರೆ ಲೂಪಿನಲ್ಲಿ ಕಾಯುವ ಎದುರಿನ ರೈಲೂ ಐದು ನಿಮಿಷ ತಡ, ಅದಕ್ಕೆ ಕಾಯುವ ಮೂರನೆಯದೂ ತಡ. ಇದನ್ನು ತಡೆಯಲು ಓಟದ ಸಮಯದಲ್ಲೇ ಒಂದಿಷ್ಟು ಸಡಿಲು ಬಿಟ್ಟಿರುತ್ತಾರೆ. ಆ ಸಡಿಲನ್ನು ದಾರಿಯುದ್ದಕ್ಕೂ ಹಂಚುತ್ತಾರೆ, ಪ್ರತಿ ಗಂಟಿಗೂ ಹೊತ್ತಿಗೆ ಸರಿಯಾಗಿ ಮುಟ್ಟಬೇಕು ಎಂದು. ನಮ್ಮ ಕಡೆ ಅದೇ ಸಡಿಲನ್ನು ಕೊನೆಯ ನಿಲ್ದಾಣದ ಮುಂಚೆ ರಾಶಿ ಹಾಕುವುದು ಎಲ್ಲರೂ ಬಲ್ಲದ್ದು. ಹತ್ತು ಕಿ.ಮೀ.ಗೆ ಅರ್ಧ ಮುಕ್ಕಾಲು ಗಂಟೆ ಇಟ್ಟರೆ ಕಾಗದದಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬಂದಂತೆ. ನಡುದಾರಿಯಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕಾದವನು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ರೈಲಿಗಿಂತ ನನಗೆ ದೊಡ್ಡದಾಗಿ ಕಾಣುವುದು ಹಳದಿ ಬಸ್ಸು. ಪೋಸ್ಟ್‌ಔಟೋ ಎನ್ನುತ್ತಾರೆ. 1906ರ ಜೂನ್ 1ರಂದು ಬರ್ನ್‌ನಿಂದ ಡೆಟ್ಲಿಗನ್‌ಗೆ ಅಂಚೆಚೀಲದ ಜೊತೆ ಜನರನ್ನೂ ಹೊತ್ತು ಹೊರಟ ಮೋಟಾರು ಗಾಡಿ ಇದರ ಮೂಲ. ಕುದುರೆಯ ಅಂಚೆ ಬಂಡಿ ಹೋಗುತ್ತಿದ್ದ ಬೆಟ್ಟದ ದಾರಿಗಳಲ್ಲೇ ಇಂದಿಗೂ ಓಡುತ್ತದೆ. ಕುರುಡು ತಿರುವುಗಳಲ್ಲಿ ಮೂರು ಸ್ವರದ ಹಾರನ್ ಊದುತ್ತದೆ, ರೊಸ್ಸಿನಿಯ ‘ವಿಲಿಯಂ ಟೆಲ್’ ಸಂಗೀತದಿಂದ ಎತ್ತಿಕೊಂಡ ಸ್ವರಗಳು. ಆ ಸದ್ದು ಕೇಳಿದರೆ ಎದುರಿನ ಕಾರು ಹಿಂದೆ ಸರಿದು ದಾರಿ ಬಿಡಬೇಕು, ಅಂಚೆ ರಸ್ತೆಯಲ್ಲಿ ಅದರದೇ ಹಕ್ಕು. ಕನ್ನಡದಲ್ಲಿ ‘ಸಂಪರ್ಕ’ ಎಂಬ ಒಂದೇ ಮಾತು ಅಂಚೆ, ಫೋನು, ರಸ್ತೆ ಎಲ್ಲಕ್ಕೂ ಸಲ್ಲುತ್ತದೆ. ಆ ಮಾತು ಪೂರ್ತಿಯಾಗಿ ಒಪ್ಪುವುದು ಈ ಬಸ್ಸಿಗೆ.

ಸಣ್ಣ ನಿಲ್ದಾಣದಲ್ಲಿ ರೈಲು ಬಂದು ನಿಂತಾಗ ಬಸ್ಸು ಹತ್ತಿಪ್ಪತ್ತು ಹೆಜ್ಜೆ ದೂರದಲ್ಲೇ ನಿಂತಿರುತ್ತದೆ. ರೈಲಿನ ವೇಳೆ ನೋಡಿ ಬಸ್ಸಿನ ವೇಳೆ ಬರೆದಿರುತ್ತಾರೆ: ರೈಲು ಬರುವ ಏಳೆಂಟು ನಿಮಿಷ ಮುಂಚೆ ಹಳ್ಳಿಯಿಂದ ಬಸ್ಸು ಬಂದು ಜನರನ್ನು ಇಳಿಸುತ್ತದೆ, ರೈಲು ಹೋದ ಐದಾರು ನಿಮಿಷಕ್ಕೆ ಹೊಸಬರನ್ನು ಹತ್ತಿಸಿಕೊಂಡು ಹಿಂತಿರುಗುತ್ತದೆ. ರೈಲು ಮೂರ್ನಾಲ್ಕು ನಿಮಿಷ ತಡ ಎಂದರೆ ಚಾಲಕನ ಮುಂದಿನ ಪರದೆಯಲ್ಲಿ ಕಾಣುತ್ತದೆ, ಕಾಯುತ್ತಾನೆ. ಎಷ್ಟು ಕಾಯಬಹುದು ಎಂಬುದಕ್ಕೂ ನಿಯಮ ಇದೆ. ಪದೇ ಪದೇ ಓಡುವ ಬಸ್ಸಾದರೆ ಕಡಿಮೆ, ಗಂಟೆಗೊಂದಾದರೆ ಹೆಚ್ಚು, ದಿನದ ಕೊನೆಯ ಬಸ್ಸಾದರೆ ಎಲ್ಲಕ್ಕಿಂತ ಹೆಚ್ಚು. ರೈಲಿನ ತಪ್ಪಿನಿಂದ ಕೊನೆಯ ಬಸ್ಸೂ ತಪ್ಪಿದರೆ ಟ್ಯಾಕ್ಸಿಗೋ ರಾತ್ರಿಯ ತಂಗುವಿಕೆಗೋ ರೈಲ್ವೆಯೇ ಹೊಣೆ.

ಯಾವ ಹಳ್ಳಿಗೆ ಬಸ್ಸು ಬೇಕು ಎನ್ನುವುದನ್ನು ಎಂಎಲ್‌ಎ ಹೇಳುವುದಿಲ್ಲ. ವರ್ಷವಿಡೀ 100 ಮಂದಿ ವಾಸವಿರುವ ಊರಾದರೆ ಸರ್ಕಾರದ ಸಹಾಯಧನದ ಮಾರ್ಗಕ್ಕೆ ಅರ್ಹ. ದಾರಿಯ ಅತಿ ಹೆಚ್ಚು ಜನರಿರುವ ತುಂಡಿನಲ್ಲಿ ದಿನಕ್ಕೆ 32ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಹೋಗಿಬರುವ ನಾಲ್ಕು ಸುತ್ತಾದರೂ ಇರಲೇಬೇಕು. ನಷ್ಟವನ್ನು ಕೇಂದ್ರವೂ ಪ್ರಾಂತ್ಯವೂ ಹಂಚಿಕೊಳ್ಳುತ್ತವೆ. ಫೋನು ಇಂಟರ್ನೆಟ್ಟಿಗೂ ಇದೇ ಬುದ್ಧಿ: 2024ರಿಂದ ಮೂಲಭೂತ ಸೇವೆಯ ನಿಯಮದಲ್ಲಿ ಸೆಕೆಂಡಿಗೆ 80 ಮೆಗಾಬಿಟ್ ಸೇರಿದೆ, ಬೆಟ್ಟದ ಮೇಲಿನ ಮನೆಯವರೂ ಅದನ್ನು ಹಕ್ಕಾಗಿ ಕೇಳಬಹುದು. ಅಂಚೆ ಕಚೇರಿಯನ್ನೂ ದೂರದ ಕಿ.ಮೀ.ಯಲ್ಲಿ ಅಳೆಯುವುದಿಲ್ಲ. ಪ್ರತಿ ಪ್ರಾಂತ್ಯದಲ್ಲಿ ಶೇ. 90 ಜನಕ್ಕೆ ನಡೆದೋ ಬಸ್ಸಿನಲ್ಲೋ 20 ನಿಮಿಷದೊಳಗೆ ತಲುಪುವಂತಿರಬೇಕು ಎಂದು ನಿಮಿಷದಲ್ಲೇ ಅಳೆಯುತ್ತಾರೆ.

ಟಿಕೆಟ್ಟಿನ ಮಾತು ಬೇಗ ಮುಗಿಸುತ್ತೇನೆ. ಸುಮಾರು 250 ಸಂಸ್ಥೆಗಳ ರೈಲು, ಬಸ್ಸು, ಟ್ರಾಮು, ದೋಣಿಗೆ ಒಂದೇ ಟಿಕೆಟ್. ಗೇಟಿಲ್ಲ, ತಡೆಯಿಲ್ಲ. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ಸುಮಾರು 100 ಫ್ರಾಂಕ್ ದಂಡ. ಎಲ್ಲಿ ಇಳಿದು ಎಲ್ಲಿ ಹತ್ತಿದರೂ ಟಿಕೆಟ್ ಮತ್ತೆ ಕೊಳ್ಳಬೇಕಿಲ್ಲ. ಇದಿಲ್ಲದೆ ತಾಳದ ವೇಳಾಪಟ್ಟಿ ಅರ್ಧ ಸತ್ತಂತೆಯೇ: ನಾಲ್ಕು ನಿಮಿಷದ ಗಂಟಿನಲ್ಲಿ ಕೌಂಟರಿನ ಮುಂದೆ ಸಾಲು ನಿಲ್ಲುವುದಕ್ಕೆ ಹೊತ್ತೆಲ್ಲಿ?

ನಿಲ್ದಾಣದ ಗಡಿಯಾರವೂ ಇದರ ಭಾಗವೇ. ರೈಲ್ವೆ ಎಂಜಿನಿಯರ್ ಹಾನ್ಸ್ ಹಿಲ್ಫಿಕರ್ 1944ರಲ್ಲಿ ರೂಪಿಸಿದ್ದು. ಕೆಂಪು ಸೆಕೆಂಡ್ ಮುಳ್ಳು 1953ರಲ್ಲಿ ಸೇರಿತು. ಆ ಮುಳ್ಳು ಸುಮಾರು 58.5 ಸೆಕೆಂಡಿನಲ್ಲೇ ಸುತ್ತು ಮುಗಿಸಿ ಹನ್ನೆರಡರ ಮೇಲೆ ಒಂದು ಕ್ಷಣ ನಿಲ್ಲುತ್ತದೆ, ಮುಖ್ಯ ಗಡಿಯಾರದ ಸಂಕೇತ ಬಂದ ಮೇಲೆ ಮುಂದಕ್ಕೆ ಹೋಗುತ್ತದೆ. ಹೀಗೆ ದೇಶದ ಎಲ್ಲ ನಿಲ್ದಾಣಗಳ ನಿಮಿಷವೂ ಒಂದೇ. ಗಡಿಯಾರವೇ ಬೇಗ ಓಡಿ, ಕಾದು, ಸಮಕ್ಕೆ ಹೊರಡುವುದನ್ನು ನೋಡುವಾಗಲೆಲ್ಲ ಖುಷಿಯಾಗುತ್ತದೆ.

ಊರಿಗೆ ಬರೋಣ. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮು ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದ. ಫೋಟೊ ನಮ್ಮೆಲ್ಲರ ವಾಟ್ಸಾಪಿಗೂ ಬಂತು. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಉದ್ದ ರೈಲು ನಿಲ್ಲಿಸಬಹುದು, ಅದು ಉಪಯೋಗವೇ. ಆದರೆ ಈ ತುದಿಯಿಂದ ಆ ತುದಿಗೆ ನಡೆಯಲು ಹದಿನೆಂಟಿಪ್ಪತ್ತು ನಿಮಿಷ ಬೇಕು. ರೈಲು ಬದಲಿಸುವವನ ಕಾಲಿನ ಲೆಕ್ಕ ಆ ಸಂಭ್ರಮದಲ್ಲಿ ಎಲ್ಲೂ ಬರಲಿಲ್ಲ. ಬರ್ನ್‌ನಲ್ಲಿ ಪ್ಲಾಟ್‌ಫಾರ್ಮು ಬದಲಿಸಲು ಎಷ್ಟು ನಿಮಿಷ ಎಂದು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಹಾಗೆ ಇಳಿಜಾರು, ಸುರಂಗದಾರಿ, ಮೆಟ್ಟಿಲುಗಳ ಅಗಲ ಗೊತ್ತುಮಾಡುತ್ತಾರೆ. ಯಾವ ಬೋಗಿ ಎ, ಬಿ, ಸಿ, ಡಿ ಯಾವ ಭಾಗದಲ್ಲಿ ನಿಲ್ಲುತ್ತದೆ ಎಂದು ಮೊದಲೇ ತೋರಿಸುವುದು ಓಡಾಟ ಕಡಿಮೆಯಾಗಲಿ ಎಂದೇ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ನೋಡಿ. ವಿಮಾನ ನಿಲ್ದಾಣದಂಥ ಕಟ್ಟಡ, 2022ರ ಜೂನ್‌ನಲ್ಲಿ ರೈಲು ಓಡತೊಡಗಿದವು. ಇಳಿದವರು ಊರೊಳಗೆ ಹೋಗುವುದು ಹೇಗೆ ಎಂಬ ಮಾತು ಶುರುವಾದದ್ದು ಆಮೇಲೆ. ಇಲ್ಲಿ ಅದನ್ನು ಮೊದಲು ಕೇಳುತ್ತಿದ್ದರು.

ಸ್ವಿಟ್ಜರ್ಲೆಂಡಿನಲ್ಲಿ ಓಲ್ಟನ್ ಎಂಬ ಊರಿದೆ. ಪ್ರವಾಸಿಗರು ಯಾರೂ ಹೋಗುವುದಿಲ್ಲ. ಬರ್ನ್, ಬಾಸೆಲ್, ಜೂರಿಕ್ ಮೂರಕ್ಕೂ ಅರ್ಧ ಗಂಟೆ ಆಸುಪಾಸು. ಸ್ವಿಸ್ ರೈಲಿನ ಸೊನ್ನೆ ಕಿ.ಮೀ. ಕಲ್ಲು ಇರುವುದು ಅಲ್ಲೇ. ದೇಶದ ಯಾವ ಮೂಲೆಯಿಂದಲೂ ಸುಲಭವಾಗಿ ಬರಬಹುದೆಂದು ಸಂಘಸಂಸ್ಥೆಗಳ ಸಭೆಯೆಲ್ಲ ಅಲ್ಲಿಯ ನಿಲ್ದಾಣದ ಉಪಾಹಾರ ಗೃಹದಲ್ಲೇ ನಡೆಯುತ್ತಿದ್ದವು. 1863ರಲ್ಲಿ ಪರ್ವತಾರೋಹಿಗಳ ಸಂಘವಾದ ಸ್ವಿಸ್ ಆಲ್ಪೈನ್ ಕ್ಲಬ್ ಹುಟ್ಟಿದ್ದೂ ಅಲ್ಲೇ. ಓಲ್ಟನ್ ನೋಡಿದಾಗಲೆಲ್ಲ ನನಗೆ ಅರಸೀಕೆರೆ ನೆನಪಾಗುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ, ಮೈಸೂರಿನಿಂದ ಹಾಸನದ ಮೇಲೆ ಬರುವ ಹಳಿ ಎರಡೂ ಅಲ್ಲಿ ಸೇರುತ್ತವೆ. ಮುಂದೆ ಕಡೂರಿನಿಂದ ಚಿಕ್ಕಮಗಳೂರಿಗೆ, ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು. ಗಂಟಿಗೆ ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಲೆಕ್ಕ ಹಾಕಿ ನೋಡಿ. ಅರಸೀಕೆರೆ–ಹಾಸನ 47 ಕಿ.ಮೀ. ಇದನ್ನು 55 ನಿಮಿಷದಲ್ಲಿ ಮುಟ್ಟಲು ಸರಾಸರಿ ಗಂಟೆಗೆ 51 ಕಿ.ಮೀ. ಸಾಕು. ಹಾಸನ–ಮೈಸೂರು 119 ಕಿ.ಮೀ., ಒಂದು ಗಂಟೆ 55 ನಿಮಿಷಕ್ಕೆ ಸರಾಸರಿ 62. ಇವು ಹೊಸ ಹಳಿ ಕೇಳುವ ವೇಗಗಳಲ್ಲ, ಹೊಸ ರೈಲನ್ನೂ ಕೇಳುವುದಿಲ್ಲ. ಎರಡು ಗಂಟೆಗೊಂದು ರೈಲಿನಿಂದ ಶುರುಮಾಡಿದರೂ ಆದೀತು: ಬೆಂಗಳೂರಿನದೂ ಹುಬ್ಬಳ್ಳಿಯದೂ ಹಾಸನದ್ದೂ ಸಮ ಗಂಟೆಗೆ ಐದು ನಿಮಿಷ ಮುಂಚೆ ಅರಸೀಕೆರೆಯಲ್ಲಿ, ಐದು ನಿಮಿಷ ಬಿಟ್ಟು ಹೊರಗೆ. ಎರಡು ಗಂಟೆಯ ತಾಳದಲ್ಲಿ ಎದುರುಬದುರು ರೈಲು ಗಂಟೆಯ ಓಟಕ್ಕೊಮ್ಮೆ ಸಂಧಿಸುತ್ತವೆ. ಹಾಗಾಗಿ ಅರಸೀಕೆರೆ, ಹಾಸನ, ಹಾಸನ–ಮೈಸೂರಿನ ನಡುಮಧ್ಯ, ಮೈಸೂರು, ಇಷ್ಟು ಕಡೆ ದಾಟುವ ಹಳಿ ಸದಾ ಖಾಲಿಯಿದ್ದರೆ ಆಯಿತು. ನಡುಮಧ್ಯದ ಆ ಜಾಗ ಹೊಳೆನರಸೀಪುರ ಮತ್ತು ಕೃಷ್ಣರಾಜನಗರದ ನಡುವೆ ಎಲ್ಲೋ ಬೀಳುತ್ತದೆ, ಲೂಪ್ ಉದ್ದ ಮಾಡಬೇಕಾದರೆ ಅಲ್ಲಿ ಮಾಡಬೇಕು. ನಿಲ್ದಾಣದ ಅಂಗಳದಲ್ಲಿ ಬೇಲೂರು, ತಿಪಟೂರು, ಬಾಣಾವರದ ಬಸ್ಸುಗಳಿಗೆ ನಿಲ್ಲಲು ಜಾಗ, ರೈಲಿನ ಸ್ಥಿತಿ ತಿಳಿಸುವ ಒಂದು ಬೋರ್ಡು.

ತೊಡಕು ಎಲ್ಲಿದೆ ಎಂಬುದೂ ಕಾಣುತ್ತದೆ. ಎರಡು ಸಾವಿರ ಕಿ.ಮೀ. ದೂರದಿಂದ ಬರುವ ರೈಲು ಆರು ಗಂಟೆ ತಡವಾಗಿ ಬಂದು ತಾಳದ ನಡುವೆ ನುಗ್ಗುತ್ತದೆ. ವಾರಕ್ಕೊಮ್ಮೆ ಮಂಗಳವಾರ, ಶುಕ್ರವಾರ ಎಂದು ಓಡುವ ರೈಲುಗಳು ದಿನಕ್ಕೊಂದು ಬಗೆಯ ವೇಳಾಪಟ್ಟಿ ಮಾಡಿಬಿಡುತ್ತವೆ. ಗೂಡ್ಸಿಗೆ ನಿಗದಿತ ವೇಳೆಯೇ ಇರುವುದಿಲ್ಲ. ಇಲ್ಲಿಯೂ ಈ ಕಾಟ ಇದೆ, ಜರ್ಮನಿಯಿಂದ ಬರುವ ರೈಲುಗಳು ತಡವಾಗುವುದು ರೂಢಿಯಾಗಿದೆ. ಹೆಚ್ಚು ತಡವಾದದ್ದನ್ನು ಬಾಸೆಲ್‌ನಲ್ಲೇ ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ಸ್ವಿಸ್ ರೈಲನ್ನು ಹೊತ್ತಿಗೆ ಸರಿಯಾಗಿ ಹೊರಡಿಸುತ್ತಾರೆ. ಹೊರಗಿನ ತಡವನ್ನು ಗಡಿಯಲ್ಲೇ ಕತ್ತರಿಸುವ ಈ ಉಪಾಯ ಅರಸೀಕೆರೆಯಲ್ಲೂ ನಡೆಯುತ್ತದೆ: ದೂರದ ರೈಲು ತನ್ನಷ್ಟಕ್ಕೆ ಬರಲಿ, ಹಾಸನದ ರೈಲು ಅದಕ್ಕೆ ಕಾಯುವುದು ಬೇಡ.

ಇಲ್ಲಿಯ ವ್ಯವಸ್ಥೆ ಬೀಳುವುದಿಲ್ಲ ಎಂದಲ್ಲ. ಬಿದ್ದಾಗ ದೊಡ್ಡದಾಗಿಯೇ ಬೀಳುತ್ತದೆ, ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ. 2005ರ ಜೂನ್ 22ರಂದು ಊರಿ ಪ್ರಾಂತ್ಯದಲ್ಲಿ ಕಾಮಗಾರಿಗೆಂದು ಕೆಲವು ವಿದ್ಯುತ್ ಮಾರ್ಗಗಳನ್ನು ಬಂದ್ ಮಾಡಿದ್ದರು. ಉಳಿದದ್ದರ ಮೇಲೆ ಹೊರೆ ಹೆಚ್ಚಿ ಅದು ಕಡಿದುಕೊಂಡಿತು, ರೈಲ್ವೆಯ ಇಡೀ ವಿದ್ಯುತ್ ಜಾಲ ಕುಸಿಯಿತು. ಸುಮಾರು 1500 ರೈಲುಗಳು ನಿಂತಲ್ಲೇ ನಿಂತವು, ಎರಡು ಲಕ್ಷ ಜನ ಸಿಕ್ಕಿಕೊಂಡರು. 2021ರ ನವೆಂಬರ್‌ನಲ್ಲಿ ಟೊಲೊಶೆನಾ ಬಳಿ ಕಾಮಗಾರಿಯ ವೇಳೆ ಹಳಿಯ ಕೆಳಗಿನ ಮಣ್ಣು ಕುಸಿದಾಗ ಜಿನೀವಾ–ಲೋಸಾನ್ ಸಂಪರ್ಕ ದಿನಗಟ್ಟಲೆ ಕಡಿದುಹೋಯಿತು, ಬದಲಿ ಹಳಿಯೇ ಇರಲಿಲ್ಲ. 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಬೇಸ್ ಸುರಂಗದಲ್ಲಿ 2023ರ ಆಗಸ್ಟ್ 10ರಂದು ಗೂಡ್ಸ್ ಬೋಗಿಯೊಂದರ ಚಕ್ರ ಬಿರುಕುಬಿಟ್ಟು ಒಡೆಯಿತು. ಹಳಿ ಕಿ.ಮೀ.ಗಟ್ಟಲೆ ಹಾಳಾಗಿ, ಸುರಂಗ ಪೂರ್ತಿಯಾಗಿ ತೆರೆದದ್ದು 2024ರ ಸೆಪ್ಟೆಂಬರ್ 2ಕ್ಕೆ. ಅಲ್ಲಿಯವರೆಗೆ ಪ್ರಯಾಣಿಕರ ರೈಲುಗಳಲ್ಲಿ ಹೆಚ್ಚಿನವು ಬೆಟ್ಟದ ಹಳೆಯ ದಾರಿ ಸುತ್ತಿ, ಒಂದು ಗಂಟೆ ಹೆಚ್ಚು ತೆಗೆದುಕೊಂಡು ಓಡಿದವು.

ಎಲ್ಲಕ್ಕಿಂತ ಪಾಠ ಹೇಳುವುದು ಲೋಸಾನ್. ಬರ್ನ್–ಲೋಸಾನ್ 97 ಕಿ.ಮೀ.ಗೆ 66 ನಿಮಿಷ, ಅಂದರೆ ಗಂಟೆಯ ಗೆರೆ ದಾಟಿದೆ. ಹಳಿ ನೇರ ಮಾಡುವ ಬದಲು, ತಿರುವಿನಲ್ಲಿ ಬೋಗಿಯ ವಾಲಾಟವನ್ನು ಸರಿದೂಗಿಸಿಕೊಂಡು ಬೇಗ ಓಡುವ ಎರಡಂತಸ್ತಿನ 59 ರೈಲುಗಳಿಗೆ 2010ರಲ್ಲಿ ಆರ್ಡರ್ ಕೊಟ್ಟರು. ಅವು ವರ್ಷಗಟ್ಟಲೆ ತಡವಾಗಿ ಬಂದವು, ಓಡುವಾಗ ಅಲುಗಾಡುತ್ತವೆಂಬ ದೂರು ಬಂತು, 2022ರಲ್ಲಿ ಬೇಗ ಓಡಿಸುವ ಯೋಚನೆಯನ್ನೇ ಬಿಟ್ಟರು. ಫ್ರೆಂಚ್ ಮಾತಾಡುವ ಪಶ್ಚಿಮದಲ್ಲಿ 2024ರ ಡಿಸೆಂಬರ್‌ನಿಂದ ವೇಳಾಪಟ್ಟಿಯನ್ನು ಸಡಿಲವಾಗಿ ಮತ್ತೆ ಹೆಣೆದಿದ್ದಾರೆ. ಕೆಲವು ಕಡೆಗೆ ಮೊದಲಿದ್ದ ನೇರ ರೈಲು ಹೋಗಿ ಲೋಸಾನ್ ಪಕ್ಕದ ರೆನೆನ್ಸ್‌ನಲ್ಲಿ ಬದಲಿಸಬೇಕಾಗಿದೆ. ಅಲ್ಲಿಯ ಜನಕ್ಕೆ ಸಿಟ್ಟಿದೆ, ನ್ಯಾಯವಾದ ಸಿಟ್ಟು. ಹಳದಿ ಬಸ್ಸಿನ ಸಂಸ್ಥೆ ವರ್ಷಗಟ್ಟಲೆ ಲೆಕ್ಕ ತಿರುಚಿ ಹೆಚ್ಚುವರಿ ಸಹಾಯಧನ ಪಡೆದದ್ದೂ 2018ರಲ್ಲಿ ಹೊರಬಿತ್ತು.

ದರದ ಮಾತನ್ನು ಇಷ್ಟು ಹೊತ್ತು ಎತ್ತಲಿಲ್ಲ, ಎತ್ತಲೇಬೇಕು. ಬರ್ನ್–ಜೂರಿಕ್ ಒಂದು ಸಲಕ್ಕೆ ಪೂರ್ತಿ ದರ 50 ಫ್ರಾಂಕಿಗೂ ಮೇಲೆ. ದೇಶವಿಡೀ ಓಡಾಡುವ ವಾರ್ಷಿಕ ಪಾಸು ಸುಮಾರು 4000 ಫ್ರಾಂಕ್, ನಮ್ಮ ದುಡ್ಡಿನಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕು. ಮಕ್ಕಳಿರುವ ಮನೆಯವರು ರಜೆಗೆ ಹೊರಡುವಾಗ ರೈಲಿಗಿಂತ ಕಾರೇ ಅಗ್ಗ ಎಂದು ಲೆಕ್ಕ ಹಾಕುತ್ತಾರೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಇಲ್ಲಿ ಯಾರಿಗೆ ಹೇಳಿದರೂ ಎರಡು ಸಲ ಕೇಳುತ್ತಾರೆ. ಕರ್ನಾಟಕ ಈ ದೇಶದ ನಾಲ್ಕೂವರೆ ಪಟ್ಟು ದೊಡ್ಡದು, ಜನ ಏಳೆಂಟು ಪಟ್ಟು. ಮೆಜೆಸ್ಟಿಕ್‌ನಲ್ಲಿ ರಾತ್ರಿ ಎರಡು ಗಂಟೆಗೂ ಮೈಸೂರಿಗೆ ಬಸ್ಸು ಸಿಗುತ್ತದೆ. ಇಲ್ಲಿ ವಾರದ ದಿನಗಳಲ್ಲಿ ನಡುರಾತ್ರಿ ದಾಟಿದರೆ ಜೂರಿಕ್ ನಿಲ್ದಾಣದ ಬೋರ್ಡು ಖಾಲಿಯಾಗುತ್ತಾ ಬರುತ್ತದೆ, ಬೆಳಗಿನವರೆಗೆ ಹಳ್ಳಿಗೆ ಹೋಗಲು ದಾರಿಯಿಲ್ಲ. ಮೈಸೂರು ಬಸ್ಸಿಗೆ ವೇಳಾಪಟ್ಟಿ ನೋಡುವವರು ಯಾರು? ಹೋಗಿ ನಿಂತರೆ ಒಂದು ಹೊರಡುತ್ತಲೇ ಇರುತ್ತದೆ. ತಾಳದ ವೇಳಾಪಟ್ಟಿಗಳೆಲ್ಲ ಮುಟ್ಟಲು ಬಯಸುವುದು ಅದನ್ನೇ.

ಇನ್ನೊಂದಿದೆ. ಇಲ್ಲಿ ಹೊರಡುವ ಕೆಲವು ಸೆಕೆಂಡ್ ಮುಂಚೆಯೇ ರೈಲಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಓಡಿ ಬಂದವರು ಗುಂಡಿ ಒತ್ತಿದರೂ, ಗಾಜು ತಟ್ಟಿದರೂ ತೆರೆಯುವುದಿಲ್ಲ. ಒಬ್ಬರಿಗೆ ತೆರೆದರೆ ಮುಂದಿನ ಗಂಟಿನಲ್ಲಿ ನೂರು ಜನಕ್ಕೆ ಗಾಡಿ ತಪ್ಪುತ್ತದೆ ಎಂಬುದು ಸರಿಯಾದ ಲೆಕ್ಕವೇ. ಆದರೂ ಊರಿನ ಕಡೆಯ ರಸ್ತೆಯಲ್ಲಿ, ದೂರದ ಹೊಲದ ಬದುವಿನಿಂದ ಚೀಲ ಹೊತ್ತುಕೊಂಡು ಕೈ ಅಡ್ಡ ಹಿಡಿದು ಓಡಿ ಬರುತ್ತಿರುವ ಮುದುಕಿಯನ್ನು ಕಂಡು, ಕಂಡಕ್ಟರ್ ಫುಟ್‌ಬೋರ್ಡಿನಿಂದ ತಲೆ ಹೊರಗೆ ಹಾಕಿ, ಡ್ರೈವರಿಗೆ ಕೇಳುವಂತೆ ಬಸ್ಸಿನ ತಗಡು ಬಡಿದು ಕೂಗುತ್ತಾನಲ್ಲ, ‘ಹೋಲ್ಡಾನ್! ಹೋಲ್ಡಾನ್!’